ಕಡ್ಮತ್‌ನ ಬಿಳಿ ಮರಳಿನ ಮೇಲೆ ಕಾಲಿಡುವ ಮುನ್ನ

ನೀವು ಕರಾವಳಿಯವರಾದರೆ ಸಮುದ್ರ ನಿಮಗೆ ಹೊಸತಲ್ಲ. ಪಣಂಬೂರು, ಉಳ್ಳಾಲ, ಮಲ್ಪೆ ಎಂದು ಒಂದಲ್ಲ ಒಂದು ತೀರದಲ್ಲಿ ಮಕ್ಕಳ ಕೈ ಹಿಡಿದು ನಡೆದಿರುತ್ತೀರಿ. ಘಟ್ಟದ ಮೇಲಿನವರಾದರೂ ಮದುವೆಗೋ ನೆಂಟರ ಮನೆಗೋ ಬಂದಾಗ ಸಂಜೆಯ ಹೊತ್ತು ಒಮ್ಮೆ ಕಡಲು ನೋಡದೆ ಮರಳಿರಲಾರಿರಿ. ಕಂದು ಬಣ್ಣದ ಮರಳು, ಅಬ್ಬರಿಸುವ ಅಲೆಗಳು, ಕಾಲಿಗಂಟುವ ನೊರೆ. ನಮ್ಮ ಪಾಲಿಗೆ ಕಡಲ ತೀರವೆಂದರೆ ಇದೇ.

ಇದೇ ಅರಬಿ ಸಮುದ್ರದಲ್ಲಿ ಪಶ್ಚಿಮಕ್ಕೆ ಇನ್ನೂರು ಮುನ್ನೂರು ಕಿಲೋಮೀಟರ್ ಸಾಗಿದರೆ ಲಕ್ಷದ್ವೀಪಗಳು ಸಿಗುತ್ತವೆ. ಅವುಗಳಲ್ಲೊಂದು ಕಡ್ಮತ್. ಉತ್ತರ ದಕ್ಷಿಣವಾಗಿ ಸುಮಾರು 9 ಕಿಲೋಮೀಟರ್ ಉದ್ದ, ಅತ್ಯಂತ ಅಗಲವಾದಲ್ಲಿಯೂ ಅರ್ಧ ಕಿಲೋಮೀಟರ್‌ನಷ್ಟು ಮಾತ್ರ ಇರುವ ಪುಟ್ಟ ದ್ವೀಪ ಅದು. ಅಲ್ಲಿನ ಮರಳು ಹಾಲಿನಂತೆ ಬಿಳಿ. ಪಶ್ಚಿಮದ ದಡದಲ್ಲಿ ನಿಂತರೆ ಮೊಣಕಾಲುದ್ದದ ನೀರಿನಲ್ಲಿಯೂ ತಳದ ಕಪ್ಪೆಚಿಪ್ಪು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಅಲೆಗಳೆಲ್ಲ ದೂರದಲ್ಲಿಯೇ ಹವಳದ ಗೋಡೆಗೆ ಬಡಿದು ಒಡೆಯುತ್ತವೆ. ಗೋಡೆಯ ಒಳಗಿನ ಆಳವಿಲ್ಲದ, ಕೆರೆಯಂತೆ ಶಾಂತವಾದ ನೀರನ್ನು ಲಗೂನ್ ಎನ್ನುತ್ತಾರೆ.

2022ರ ಅಕ್ಟೋಬರ್‌ನಲ್ಲಿ ಕಡ್ಮತ್ ತೀರಕ್ಕೂ ಮಿನಿಕಾಯ್ ದ್ವೀಪದ ತುಂಡಿ ತೀರಕ್ಕೂ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆಯಿತು. ಸ್ವಚ್ಛತೆ, ನೀರಿನ ಗುಣಮಟ್ಟ ಮತ್ತು ಸುರಕ್ಷತೆಯನ್ನು ನೋಡಿ ಕೊಡುವ ಅಂತಾರಾಷ್ಟ್ರೀಯ ಗುರುತು ಇದು. ನಮ್ಮ ಪಡುಬಿದ್ರೆ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಸಿಕ್ಕಿದ್ದೂ ಇದೇ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ಚಿತ್ರಗಳು ಪ್ರಕಟವಾದ ಮೇಲಂತೂ ಆ ದ್ವೀಪಗಳಿಗೆ ಹೋಗಬೇಕೆಂಬ ಆಸೆ ದೇಶದ ಮೂಲೆಮೂಲೆಯಲ್ಲಿ ಹುಟ್ಟಿಕೊಂಡಿತು. ನಿಮ್ಮ ಮನೆಯಲ್ಲಿಯೂ ಆ ಮಾತು ಬಂದಿರಬಹುದು.

ಹೋಗಬೇಡಿ ಎಂದು ಹೇಳುವುದಕ್ಕಲ್ಲ ಈ ಬರಹ. ಅಲ್ಲಾಹನ ಸೃಷ್ಟಿಯ ಇಂತಹ ಸೊಬಗನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕರೆ ಖಂಡಿತ ಹೋಗಿ. ಆದರೆ ಹೋಗುವ ಮುನ್ನ ಆ ಮರಳು ಏನು, ಅದರ ಮೇಲೆ ಬದುಕುವವರು ಯಾರು ಎಂಬುದನ್ನು ತಿಳಿದುಕೊಳ್ಳಿ. ತಿಳಿದು ಹೋದವರು ಅಲ್ಲಿ ಅತಿಥಿಗಳಾಗಿರುತ್ತಾರೆ. ತಿಳಿಯದೆ ಹೋದವರು ಬೇಡವೆಂದರೂ ಹೊರೆಯಾಗುತ್ತಾರೆ.

ಮಂಗಳೂರಿನ ಹಳೆಯ ನಂಟು

ಕಡ್ಮತ್ ನಮಗೆ ತೀರಾ ಪರದೇಶವೇನಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳನ್ನು ಒಟ್ಟಾಗಿ ಅಮಿನಿದಿವಿ ದ್ವೀಪಗಳೆಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಲ್ಲಿದ್ದವು. ಆ ಆಡಳಿತದಿಂದ ಬೇಸತ್ತ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಮೊರೆ ಹೊಕ್ಕರು. ಮಾತುಕತೆಯ ಬಳಿಕ ಈ ದ್ವೀಪಗಳು ಟಿಪ್ಪುವಿನ ಅಧೀನಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬ್ರಿಟಿಷರ ಕೈ ಸೇರಿದವು. ಅಲ್ಲಿಂದ ಮುಂದೆ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದಲೇ. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರೂಪುಗೊಳ್ಳುವವರೆಗೂ ಕಡ್ಮತ್ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು.

ಆಡಳಿತ ಬೇರೆಯಾದರೂ ವ್ಯವಹಾರದ ನಂಟು ಕಡಿಯಲಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ದಿನಸಿ, ಜಲ್ಲಿ, ಸಿಮೆಂಟು ತುಂಬಿದ ಹಡಗುಗಳು ದ್ವೀಪಗಳಿಗೆ ಹೋಗುತ್ತವೆ. ದ್ವೀಪದ ಅಡುಗೆ ಮನೆಯಲ್ಲಿ ಬೇಯುವ ಈರುಳ್ಳಿ, ಬಟಾಟೆಗಳಿಗೆ ಮಂಗಳೂರಿನ ದಾರಿ ಚೆನ್ನಾಗಿ ಗೊತ್ತು. ಅಲ್ಲಿನವರು ಆಡುವುದು ಜೆಸರಿ ಎಂಬ ಬಗೆಯ ಮಲಯಾಳಂ. ಬ್ಯಾರಿ ಮಾತನಾಡುವ ಸಹೋದರಿಯರಿಗೆ ಅದರ ಕೆಲವು ಮಾತುಗಳಾದರೂ ಅರ್ಥವಾದಾವು. ಮಿನಿಕಾಯ್‌ನಲ್ಲಿ ಮಾತ್ರ ಮಾಲ್ಡೀವ್ಸ್‌ನವರ ಭಾಷೆಗೆ ಹತ್ತಿರವಾದ ಮಹಲ್ ಭಾಷೆ.

ಆ ಮರಳು ಎಲ್ಲಿಂದ ಬಂತು?

ನಮ್ಮ ತೀರದ ಮರಳು ಬಂದಿರುವುದು ಘಟ್ಟದಿಂದ. ಬೆಟ್ಟದ ಕಲ್ಲು ಮಳೆ ಗಾಳಿಗೆ ಸವೆದು, ನೇತ್ರಾವತಿ, ಶರಾವತಿ, ಕಾಳಿಯಂತಹ ಹೊಳೆಗಳಲ್ಲಿ ಉರುಳಿ ಬಂದು ಕಡಲು ಸೇರಿ, ಅಲೆಗಳ ಮೂಲಕ ದಡಕ್ಕೆ ಬೀಳುತ್ತದೆ. ಕಡ್ಮತ್‌ನಲ್ಲಿ ಬೆಟ್ಟವಿಲ್ಲ. ಹೊಳೆಯೂ ಇಲ್ಲ. ಇಡೀ ಲಕ್ಷದ್ವೀಪದಲ್ಲಿಯೇ ಒಂದು ನದಿಯಿಲ್ಲ. ಹಾಗಾದರೆ ಅಷ್ಟೊಂದು ಮರಳು ಬಂದದ್ದಾದರೂ ಎಲ್ಲಿಂದ?

ಅದು ಜೀವಿಗಳಿಂದ ಬಂದದ್ದು. ಸಾಸಿವೆ, ಕಡಲೆ ಗಾತ್ರದ ಸಣ್ಣ ಸಣ್ಣ ಹವಳದ ಜೀವಿಗಳು ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಒಂದರ ಮೇಲೊಂದು ಗೂಡು ಬೆಳೆದು ಹವಳದ ದಿಬ್ಬವಾಗುತ್ತದೆ. ಈ ಕೆಲಸ ಬಹಳ ನಿಧಾನ. ಬಂಡೆಯಂತೆ ದುಂಡಗೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆದೀತು. ಒಂದಾಳೆತ್ತರದ ಹವಳದ ಬಂಡೆಯನ್ನು ನೀವು ಕಂಡರೆ ಅದರ ವಯಸ್ಸು ನಿಮ್ಮ ಅಜ್ಜಿಯ ವಯಸ್ಸಿಗಿಂತ ಹೆಚ್ಚೇ ಇರುತ್ತದೆ.

ಸತ್ತ ಹವಳ ಅಲೆಗಳ ಹೊಡೆತಕ್ಕೆ ಪುಡಿಯಾಗುತ್ತದೆ. ಅದರ ಜೊತೆಗೆ ಚಿಪ್ಪು, ಶಂಖ, ಸುಣ್ಣ ತುಂಬಿದ ಪಾಚಿಗಳ ಚೂರು ಸೇರುತ್ತದೆ. ಇನ್ನೊಬ್ಬ ದೊಡ್ಡ ಕೆಲಸಗಾರನಿದ್ದಾನೆ. ಅದು ಗಿಳಿ ಮೀನು. ಗಿಳಿಯ ಕೊಕ್ಕಿನಂತಹ ಗಟ್ಟಿ ಹಲ್ಲಿನಿಂದ ಹವಳದ ಕಲ್ಲನ್ನು ಕಚ್ಚಿ ಕೆರೆದು, ಅದರಲ್ಲಿರುವ ಪಾಚಿಯನ್ನು ತಿಂದು, ಅರೆದ ಕಲ್ಲನ್ನು ಮರಳಾಗಿ ಹೊರಹಾಕುವುದು ಅದರ ದಿನಚರಿ. ಲಕ್ಷದ್ವೀಪದ ನೆರೆಯ ಮಾಲ್ಡೀವ್ಸ್‌ನ ಒಂದು ದ್ವೀಪದ ಸುತ್ತ ವಿಜ್ಞಾನಿಗಳು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ. 85ಕ್ಕಿಂತ ಹೆಚ್ಚಿನ ಪಾಲು ಗಿಳಿ ಮೀನುಗಳದ್ದೇ ಎಂದು ಅದರಲ್ಲಿ ಕಂಡುಬಂತು.

ನಮ್ಮ ಅಜ್ಜಂದಿರು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ದ್ವೀಪದ ಮರಳು ಅದೇ ಸುಣ್ಣದ ಬಳಗದ್ದು. ಆದ್ದರಿಂದಲೇ ಅಷ್ಟು ಬಿಳುಪು. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೇಲೆ ನಡೆಯುವಾಗ ಒಂದೊಂದು ಹೆಜ್ಜೆಯ ಕೆಳಗೂ ಲೆಕ್ಕವಿಲ್ಲದಷ್ಟು ಜೀವಿಗಳ ಮನೆಗಳಿವೆ ಎಂಬುದನ್ನು ಮಕ್ಕಳಿಗೆ ಹೇಳಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತದೆ.

ಮರಳಿನಡಿಯ ಸಿಹಿ ನೀರು

ಉಪ್ಪು ನೀರಿನ ನಡುವೆ ಇಷ್ಟು ಜನ ಕುಡಿಯುವುದಾದರೂ ಏನನ್ನು ಎಂಬ ಪ್ರಶ್ನೆ ಗೃಹಿಣಿಯರಾದ ನಮಗೆ ಮೊದಲು ಬರಬೇಕು. ಅದರ ಉತ್ತರವೂ ಮರಳಿನಲ್ಲಿಯೇ ಇದೆ.

ಮಳೆಯ ನೀರು ಮರಳಿನೊಳಗೆ ಇಳಿದು ನಿಲ್ಲುತ್ತದೆ. ಸಿಹಿ ನೀರು ಉಪ್ಪು ನೀರಿಗಿಂತ ಹಗುರವಾದ್ದರಿಂದ ದ್ವೀಪದ ಅಡಿಯಲ್ಲಿರುವ ಸಮುದ್ರದ ನೀರಿನ ಮೇಲೆ ಅದು ತೇಲುತ್ತದೆ, ಸಾರಿನ ಮೇಲೆ ಎಣ್ಣೆ ನಿಂತಂತೆ. ಈ ತೆಳು ಪದರವೇ ಬಾವಿಗಳ ಸೆಲೆ. ಲೆಕ್ಕ ಬಹಳ ಸೂಕ್ಷ್ಮವಾದದ್ದು. ಸಮುದ್ರ ಮಟ್ಟದಿಂದ ಮೇಲಕ್ಕೆ ಒಂದು ಅಡಿ ಸಿಹಿ ನೀರಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿ ನೀರು ನಿಲ್ಲಬಲ್ಲದು. ಪಂಪು ಇಟ್ಟು ಮೇಲಿನ ಆ ಒಂದು ಅಡಿಯನ್ನು ಎಳೆದುಬಿಟ್ಟರೆ ಕೆಳಗಿನ ಉಪ್ಪು ನೀರು ಅಷ್ಟೇ ವೇಗದಲ್ಲಿ ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಹಲವು ಮಳೆಗಾಲ ಕಾಯಬೇಕು.

2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಆರಂಭವಾಯಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೂ ಬಂತು. ಇದರಿಂದ ಕುಡಿಯುವ ನೀರಿನ ಕಷ್ಟ ಅಲ್ಲಿ ಬಹಳಷ್ಟು ಕಡಿಮೆಯಾಯಿತು. ಹಾಗಿದ್ದರೂ ಪ್ರವಾಸಿಗರು ಶವರ್ ತಿರುಗಿಸಿ ಅರ್ಧ ಗಂಟೆ ನಿಲ್ಲುವಷ್ಟು ನೀರು ಆ ನೆಲದಲ್ಲಿಲ್ಲ. ನಿಮ್ಮ ಬಕೆಟ್ಟಿಗೆ ಬೀಳುವ ನೀರು ಪಕ್ಕದ ಮನೆಯ ಬಾವಿಯದ್ದೇ ಆಗಿರಬಹುದು. ವುಝೂ ಮಾಡಲು ಸಮುದ್ರದ ನೀರು ಸಾಕೆಂಬುದು ನಮಗೆಲ್ಲ ಗೊತ್ತಿರುವ ವಿಷಯ. ತೀರದಲ್ಲಿರುವಾಗ ಅಸರ್‌ಗೂ ಮಗ್ರಿಬ್‌ಗೂ ಆ ಅನುಕೂಲವನ್ನು ಬಳಸಿಕೊಳ್ಳಬಹುದಲ್ಲವೇ?

ಆ ಊರಿನ ಹೆಣ್ಣುಮಕ್ಕಳು

ಪ್ರವಾಸದ ಜಾಹೀರಾತುಗಳಲ್ಲಿ ನೀಲಿ ನೀರು, ಬಿಳಿ ಮರಳು, ತೆಂಗಿನ ಮರ ಕಾಣುತ್ತವೆ. ಜನ ಕಾಣುವುದಿಲ್ಲ. 2011ರ ಜನಗಣತಿಯ ಪ್ರಕಾರ ಲಕ್ಷದ್ವೀಪದಲ್ಲಿ 64 ಸಾವಿರಕ್ಕೂ ಮಿಕ್ಕಿ ಜನರಿದ್ದರು. ಒಟ್ಟು ಭೂಮಿ ಇರುವುದು 32 ಚದರ ಕಿಲೋಮೀಟರ್ ಮಾತ್ರ. ಬಹುತೇಕ ಎಲ್ಲರೂ ಮುಸ್ಲಿಮರು.

ಅಲ್ಲಿನ ಕುಟುಂಬ ಪದ್ಧತಿ ನಿಮಗೆ ಕುತೂಹಲ ಹುಟ್ಟಿಸೀತು. ತರವಾಡು ಎಂಬ ಮಾತು ಬ್ಯಾರಿ ಮನೆಗಳಿಗೆ ಪರಿಚಿತ. ದ್ವೀಪಗಳಲ್ಲಿ ತರವಾಡು ತಾಯಿಯ ಕಡೆಯಿಂದ ಬೆಳೆಯುತ್ತದೆ. ಸಾಂಪ್ರದಾಯಿಕವಾಗಿ ಮದುವೆಯ ಬಳಿಕವೂ ಹೆಣ್ಣು ತನ್ನ ತಾಯಿಯ ಮನೆಯಲ್ಲಿಯೇ ಉಳಿಯುತ್ತಾಳೆ, ಗಂಡ ರಾತ್ರಿ ಅಲ್ಲಿಗೆ ಬಂದು ಹೋಗುತ್ತಾನೆ. ಆಸ್ತಿಯಲ್ಲಿ ಎರಡು ಬಗೆ. ತಾಯಿಯ ವಂಶದಲ್ಲಿ ಸಾಗಿ ಬರುವ ತರವಾಡಿನ ಆಸ್ತಿಗೆ ಶುಕ್ರವಾರದ ಸೊತ್ತು ಎಂದು ಹೆಸರು. ಒಬ್ಬರು ಸ್ವಂತ ದುಡಿಮೆಯಿಂದ ಗಳಿಸಿದ್ದು ಸೋಮವಾರದ ಸೊತ್ತು, ಅದು ಶರೀಅತ್‌ನಂತೆ ಹಂಚಿಕೆಯಾಗುತ್ತದೆ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಕಲ್ಪೇನಿ ದ್ವೀಪದ ಈ ಪದ್ಧತಿಯನ್ನು ಅಧ್ಯಯನ ಮಾಡಿ 1969ರಲ್ಲಿ ಪುಸ್ತಕವನ್ನೇ ಬರೆದರು. ಈಗ ಗಂಡ ಹೆಂಡತಿ ಮಕ್ಕಳ ಸಣ್ಣ ಕುಟುಂಬಗಳು ಅಲ್ಲಿಯೂ ಹೆಚ್ಚಾಗಿವೆ. ಆದರೂ ತಾಯಿ ಮನೆಯ ಆಸರೆ ಹೆಣ್ಣಿಗೆ ತಪ್ಪಿಲ್ಲ.

ಆ ಬಿಳಿ ತೀರ ಈ ಹೆಣ್ಣುಮಕ್ಕಳಿಗೆ ವಿಹಾರದ ಜಾಗವಾಗಿರಲಿಲ್ಲ, ದುಡಿಮೆಯ ಅಂಗಳವಾಗಿತ್ತು. ತೆಂಗಿನ ಸಿಪ್ಪೆಯನ್ನು ಲಗೂನ್‌ನ ದಡದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆತ ಮೇಲೆ ತೆಗೆದು ಬಡಿದು, ನಾರು ಬಿಡಿಸಿ ಹುರಿ ಹೊಸೆಯುತ್ತಿದ್ದವರು ಅವರೇ. ಆ ಹುರಿಯನ್ನು ಗಂಡಸರು ಹಾಯಿ ಹಡಗುಗಳಲ್ಲಿ ಮಂಗಳೂರಿಗೆ ತಂದು, ಬದಲಿಗೆ ಅಕ್ಕಿ ಕೊಂಡೊಯ್ಯುತ್ತಿದ್ದರು. ಅಕ್ಕಿ ಬೆಳೆಯದ ನೆಲದಲ್ಲಿ ಮಕ್ಕಳು ಅನ್ನ ಉಂಡದ್ದು ತಾಯಂದಿರು ಅಂಗೈ ಸವೆಸಿ ಹೊಸೆದ ಹಗ್ಗದಿಂದ. ನೀವು ಚಾಪೆ ಹಾಸಿ ಕುಳಿತುಕೊಳ್ಳುವ ಮರಳು ಅವರ ಬೆವರು ಬಿದ್ದ ಜಾಗ.

ಬಿಸಿಯೇರುತ್ತಿರುವ ಕಡಲು

ಇಷ್ಟೆಲ್ಲ ನಿಂತಿರುವುದು ಹವಳದ ಗೋಡೆಯ ಮೇಲೆ. ಆ ಗೋಡೆಗೇ ಈಗ ಕಷ್ಟ ಬಂದಿದೆ.

ಹವಳದ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಹವಳಕ್ಕೆ ಆಹಾರ ಕೊಡುವುದೂ ಬಣ್ಣ ಕೊಡುವುದೂ ಅದೇ. ಸಮುದ್ರದ ನೀರು ಮಾಮೂಲಿಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಹವಳ ಬಿಳಚಿತು. 2024ರ ಬೇಸಿಗೆಯಲ್ಲಿ ಮತ್ತೆ ಅದೇ ಆಯಿತು. ಅಗತ್ತಿ, ಕಡ್ಮತ್, ಕವರತ್ತಿಗಳ ಹವಳವನ್ನು 1998ರಿಂದ 24 ವರ್ಷ ಗಮನಿಸಿದ ವಿಜ್ಞಾನಿಗಳು, ಆರಂಭದಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ ಶೇ. 19ರ ಆಸುಪಾಸಿಗೆ ಇಳಿದಿದೆ ಎಂದು ಕಂಡುಕೊಂಡರು. ಹೆಚ್ಚುಕಡಿಮೆ ಅರ್ಧಕ್ಕರ್ಧ ಹೋಯಿತು.

ಹವಳ ಹೋದರೆ ಅಲೆ ತಡೆಯುವ ಗೋಡೆ ಸವೆಯುತ್ತದೆ, ಹೊಸ ಮರಳು ಹುಟ್ಟುವುದು ನಿಲ್ಲುತ್ತದೆ. ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಮಾತ್ರ ಎತ್ತರವಿರುವ ನೆಲ ಇದು. ಬಂಗಾರಂ ಬಳಿಯ ಪರಳಿ 1 ಎಂಬ ಜನವಸತಿಯಿಲ್ಲದ ಕಿರುದ್ವೀಪ 1968ರಲ್ಲಿ ಸುಮಾರು 8 ಎಕರೆ ಇತ್ತು. ಅದು ಪೂರ್ತಿ ಕೊಚ್ಚಿಹೋಗಿದೆಯೆಂದು 2017ರಲ್ಲಿ ಬೆಳಕಿಗೆ ಬಂದ ಅಧ್ಯಯನ ಹೇಳಿತು. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತ ಕಂಡಿರುವ ನಮಗೆ ಈ ನೋವು ಅರ್ಥವಾಗದ್ದೇನಲ್ಲ. ಆದರೆ ನಮ್ಮಲ್ಲಿ ಮನೆ ಬಿದ್ದರೆ ಹಿಂದಕ್ಕೆ ಸರಿಯಲು ಭೂಮಿಯಿದೆ. ಅರ್ಧ ಕಿಲೋಮೀಟರ್ ಅಗಲದ ಕಡ್ಮತ್‌ನಲ್ಲಿ ಹಿಂದಕ್ಕೆ ಸರಿದರೆ ಸಿಗುವುದು ಇನ್ನೊಂದು ಬದಿಯ ಕಡಲು.

ಹೊರಡುವ ಮುನ್ನ

ಹೊರಗಿನವರು ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಅನುಮತಿ ಪಡೆಯಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವ ಮೊದಲು ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ವಿಭಾಗದಲ್ಲಿಯೇ ವಿಚಾರಿಸಿಕೊಳ್ಳಿ. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ಅಲ್ಲಿಂದ ಕಡ್ಮತ್‌ಗೆ ದೋಣಿ ಹಿಡಿಯಬೇಕು. ಕೊಚ್ಚಿಯಿಂದ ಪ್ರಯಾಣಿಕರ ಹಡಗುಗಳಿವೆ, ಒಂದು ರಾತ್ರಿಯ ಪ್ರಯಾಣ ಎಂದುಕೊಳ್ಳಿ. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಆ ತಿಂಗಳುಗಳನ್ನು ಬಿಟ್ಟುಬಿಡಿ. ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕಾದ ಸಂದರ್ಭಗಳಿರುತ್ತವೆ. ಗರ್ಭಿಣಿಯರು ಮತ್ತು ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ಇದನ್ನು ಮೊದಲೇ ಯೋಚಿಸಿ. ಗಂಭೀರ ಕಾಯಿಲೆಯಾದವರನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಗುವ ಜಾಗ ಅದು. ದಿನನಿತ್ಯದ ಔಷಧಗಳನ್ನು ಎರಡು ಪಟ್ಟು ಕಟ್ಟಿಕೊಳ್ಳಿ.

ಬಟ್ಟೆಯ ಬಗ್ಗೆ ಒಂದು ಮಾತು. ಮೈ ಮುಚ್ಚುವ ಉಡುಪು ಅಲ್ಲಿ ಯಾರಿಗೂ ವಿಚಿತ್ರವಲ್ಲ, ನೀವು ಸಂಕೋಚಪಡಬೇಕಿಲ್ಲ. ಆದರೆ ಬುರ್ಖಾ ಅಥವಾ ದಪ್ಪ ಹತ್ತಿ ಬಟ್ಟೆ ತೊಟ್ಟು ಆಳದ ನೀರಿಗೆ ಇಳಿಯಬೇಡಿ. ನೀರು ಹೀರಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುವ ಬಟ್ಟೆ ಜೀವಕ್ಕೆ ಅಪಾಯ. ಪೂರ್ತಿ ತೋಳಿನ, ಬೇಗ ಒಣಗುವ ಈಜುಡುಪು ಈಗ ಸಿಗುತ್ತದೆ. ಅದರಿಂದ ಇನ್ನೊಂದು ಲಾಭವಿದೆ. ಮೈ ಮುಚ್ಚಿದ್ದರೆ ಸನ್‌ಸ್ಕ್ರೀನ್ ಕ್ರೀಮು ಕಡಿಮೆ ಸಾಕು. ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿಕರವೆಂಬ ಕಾರಣಕ್ಕೆ ಅಮೆರಿಕದ ಹವಾಯಿ ರಾಜ್ಯ 2021ರ ಜನವರಿಯಿಂದ ಅಂತಹ ಕ್ರೀಮುಗಳ ಮಾರಾಟವನ್ನೇ ನಿಷೇಧಿಸಿತು. ಕೊಳ್ಳುವಾಗ ಡಬ್ಬಿಯ ಮೇಲಿನ ಅಕ್ಷರ ಓದಿ.

ಚೀಲ ಕಟ್ಟುವಾಗ ಕಸದ ಲೆಕ್ಕವನ್ನೂ ಹಾಕಿ. ಪ್ಲಾಸ್ಟಿಕ್ ಹೂಳಲು ಅಲ್ಲಿ ಜಾಗವಿಲ್ಲ, ಸುಟ್ಟರೆ ಹೊಗೆ ಮನೆಗಳಿಗೇ ಹೋಗುತ್ತದೆ. ಮಗುವಿನ ಡೈಪರ್, ನಮ್ಮ ಪ್ಯಾಡ್‌ಗಳು, ಒದ್ದೆ ಟಿಶ್ಯೂ, ಚಿಪ್ಸ್ ಪ್ಯಾಕೆಟ್, ಶ್ಯಾಂಪೂ ಸ್ಯಾಶೆಗಳ ಬಗ್ಗೆ ಗಂಡಸರು ಯೋಚಿಸುವುದು ಕಡಿಮೆ, ನಾವೇ ಯೋಚಿಸಬೇಕು. ಒಂದು ಗಟ್ಟಿ ಚೀಲ ಕೊಂಡುಹೋಗಿ, ಅವನ್ನೆಲ್ಲ ಅದರಲ್ಲಿ ತುಂಬಿಸಿ ವಾಪಸು ತನ್ನಿ. ನೀರಿಗೆ ಸ್ಟೀಲ್ ಬಾಟಲಿ ಇರಲಿ.

ತೀರದಲ್ಲಿ ಇರುವಷ್ಟು ಹೊತ್ತು

ನೀರಿನಲ್ಲಿ ನಡೆಯುವಾಗ ಮರಳಿರುವಲ್ಲಿ ಮಾತ್ರ ಕಾಲಿಡಿ. ಹವಳದ ಮೇಲೆ ನಿಂತರೆ ಹತ್ತಾರು ವರ್ಷದ ಬೆಳವಣಿಗೆ ಒಂದು ಕ್ಷಣದಲ್ಲಿ ಮುರಿಯುತ್ತದೆ, ನಿಮ್ಮ ಕಾಲೂ ಸೀಳುತ್ತದೆ. ಅಡಿ ಗಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಿ. ನೀರು ಎಷ್ಟೇ ಶಾಂತವಾಗಿ ಕಂಡರೂ ಮಕ್ಕಳು ಕೈಗೆಟಕುವಷ್ಟು ಹತ್ತಿರವಿರಲಿ.

ಶೋಕೇಸಿನಲ್ಲಿಡಲು ಹವಳದ ತುಂಡು ತರುವ ಆಸೆ ಬೇಡ. ದಿಬ್ಬ ಕಟ್ಟುವ ಹವಳಗಳಿಗೂ ಕಡಲ ಸೌತೆಗಳಿಗೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ. ಸತ್ತು ದಡಕ್ಕೆ ಬಿದ್ದ ತುಂಡೂ ನಾಳೆಯ ಮರಳು. ಕಡ್ಮತ್‌ನ ಲಗೂನ್‌ನಲ್ಲಿ ಕಡಲ ಹುಲ್ಲು ಮೇಯುವ ಹಸಿರು ಆಮೆಗಳು ಕಂಡಾವು. ದೂರದಿಂದ ನೋಡಿ ಸಂತೋಷಪಡಿ, ಹಿಡಿಯಲು ಹೋಗಬೇಡಿ.

ಸ್ಥಳೀಯರ ಮನೆ, ಹೆಣ್ಣುಮಕ್ಕಳ ಫೋಟೊ ತೆಗೆಯುವ ಮುನ್ನ ಕೇಳಿ. ಊಟಕ್ಕೆ ಅಲ್ಲಿನವರು ಅಡುಗೆ ಮಾಡಿದ್ದನ್ನೇ ಉಣ್ಣಿ. ಗಾಳ ಹಾಕಿ ಒಂದೊಂದಾಗಿ ಹಿಡಿದ ಟ್ಯೂನಾ ಮೀನಿನ ಸಾರು, ತೆಂಗಿನ ತುರಿ ಬೆಲ್ಲದ ಸಿಹಿ ನಿಮಗೆ ಅಪರಿಚಿತ ರುಚಿಯೇನೂ ಅಲ್ಲ. ಮರಳುವಾಗ ಹವಳದ ಬದಲು ದ್ವೀಪದ ಹುರಿಹಗ್ಗ, ತೆಂಗಿನ ಬೆಲ್ಲ, ಒಣಗಿಸಿದ ಮಾಸ್ ಮೀನು ಕೊಂಡು ತನ್ನಿ. ಆ ದುಡ್ಡು ಆ ಊರಿನ ಮನೆಗಳಿಗೆ ಹೋಗುತ್ತದೆ.

ಬೇರೆಯವರ ಮನೆಗೆ ಹೋದರೆ ಹೇಗಿರಬೇಕೆಂದು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ. ಒಳಗೆ ಹೋಗುವ ಮುನ್ನ ಅನುಮತಿ ಕೇಳುತ್ತೇವೆ, ಸಲಾಂ ಹೇಳುತ್ತೇವೆ, ಬಡಿಸಿದ್ದನ್ನು ಚೆಲ್ಲುವುದಿಲ್ಲ, ಹೊರಡುವಾಗ ಕುಳಿತ ಜಾಗವನ್ನು ಒಂದಿಷ್ಟು ಓರಣ ಮಾಡುತ್ತೇವೆ. ಕಡ್ಮತ್‌ನ ತೀರದಲ್ಲಿಯೂ ಅಷ್ಟನ್ನೇ ಮಾಡಿದರೆ ಸಾಕು. ಸಂಜೆ ಸೂರ್ಯ ಲಗೂನ್‌ನ ಆಚೆ ಮುಳುಗುವಾಗ ಮಕ್ಕಳ ಕಾಲಿಗೆ ಅಂಟಿದ ಮರಳನ್ನು ಅಲ್ಲಿಯೇ ಕೊಡವಿ ಬನ್ನಿ. ಅದರ ಒಂದೊಂದು ಕಣವೂ ಆ ದ್ವೀಪದವರಿಗೆ ಬೇಕು.